ಪ್ರತಿಕ್ರಿಯೆ: ಬೇಕಾದದ್ದು ಪಾರ್ಟಿ ಸದಸ್ಯತ್ವ ಅಲ್ಲ, ಪಂಚಾಯತ್ ಮತದಾರ ಪಟ್ಟಿ

ಸುಳ್ಯದಿಂದ ಕೇರಳದ ಬದಿಯಡ್ಕಕ್ಕೆ ಬಂದ ನೀವು, ಕಮ್ಯೂನಿಸ್ಟ್ ಪಾರ್ಟಿಗೆ ಸೇರದ್ದಕ್ಕೆ ಪಂಚಾಯತ್‌ನಲ್ಲಿ ಮನೆ ರಿಪೇರಿ ಅರ್ಜಿ ಬಿದ್ದುಹೋಯಿತು ಎಂದು ಬರೆದಿದ್ದೀರಿ. ಅದು ಬಿದ್ದುಹೋದದ್ದು ಪಾರ್ಟಿಗೆ ಸೇರದ್ದಕ್ಕಲ್ಲ, ಹೆಚ್ಚಾಗಿ ಪಂಚಾಯತ್ ಮತದಾರ ಪಟ್ಟಿಯಲ್ಲಿ ಹೆಸರಿಲ್ಲದ್ದಕ್ಕೆ. ವೋಟರ್ ಐಡಿಯ ವಿಳಾಸ ಬದಲಾಯಿಸಿದರೆ ಸಾಲದು, ಅದು ವಿಧಾನಸಭೆಯ ಪಟ್ಟಿ. ಕೇರಳದಲ್ಲಿ ಪಂಚಾಯತ್ ಪಟ್ಟಿಯೇ ಬೇರೆ, ರಾಜ್ಯ ಚುನಾವಣಾ ಆಯೋಗದ್ದು. ಅದರಲ್ಲಿದ್ದವರೇ ವಾರ್ಡಿನ ಗ್ರಾಮಸಭೆಯ ಸದಸ್ಯರು, ಸಹಾಯ ಯಾರಿಗೆ ಮೊದಲು ಎಂದು ಪಟ್ಟಿ ಮಾಡುವುದು ಆ ಸಭೆಯೇ.

ಮೊದಲು ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ. ಇಲ್ಲದಿದ್ದರೆ ಅಲ್ಲೇ ಅರ್ಜಿ ಹಾಕಿ. ಪಂಚಾಯತ್ ಸೆಕ್ರೆಟರಿ ವಿಚಾರಣೆಗೆ ಕರೆದಾಗ ವಾಸದ ದಾಖಲೆ ಕೊಂಡುಹೋಗಿ. ಆಮೇಲೆ ವಾರ್ಡ್ ಮೆಂಬರರಲ್ಲಿ ಗ್ರಾಮಸಭೆಯ ದಿನ ಕೇಳಿ. 3 ತಿಂಗಳಿಗೊಮ್ಮೆಯಾದರೂ ಸಭೆ ಆಗಬೇಕು, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಮತದಾರರ ಶೇ. 10. ನೀವೇ ಹೋಗಿ ಸಹಿ ಹಾಕಿ, ಫಲಾನುಭವಿಗಳ ಪಟ್ಟಿ ಓದುವಾಗ ಎದ್ದು ಕೇಳಿ. ಅಲ್ಲಿ ನಿಂತ ಆದ್ಯತೆಯ ಕ್ರಮವನ್ನು ಪಂಚಾಯತ್ ಬದಲಿಸುವಂತಿಲ್ಲ.

"ಇದೇನಾ ಕಮ್ಯೂನಿಸಂ?" ಎಂದು ಕೇಳಿದ್ದೀರಿ. 1996ರಲ್ಲಿ ಜನಕೀಯ ಯೋಜನೆ (ಊರಿನ ಯೋಜನೆಗಳನ್ನು ಜನರೇ ಸೇರಿ ರೂಪಿಸುವ ಕ್ರಮ) ತಂದದ್ದು ಕಮ್ಯೂನಿಸ್ಟರ ಎಡರಂಗ, ನಿಜ. ಗ್ರಾಮಸಭೆಗೆ ಆಧಾರವಾದ ಪಂಚಾಯತ್ ರಾಜ್ ಕಾಯಿದೆ ಮಾತ್ರ 1994ರದ್ದು, ಕಾಂಗ್ರೆಸ್ ನೇತೃತ್ವದ ಐಕ್ಯರಂಗದ ಕಾಲದ್ದು. ಸಭೆಗೆ ಪಾರ್ಟಿಯವರು ಗುಂಪಾಗಿ ಬರುತ್ತಾರೆ, ಉಳಿದವರು ಮನೆಯಲ್ಲೇ ಕೂರುತ್ತಾರೆ. ಹಾಗಾಗಿ ಎಲ್ಲ ಪಾರ್ಟಿಯದ್ದೇ ಅನ್ನಿಸುತ್ತದೆ.

ಅರ್ಜಿ ಕನ್ನಡದಲ್ಲೇ ಬರೆಯಿರಿ, ಮಲಯಾಳ ಬಾರದೆಂದು ಹಿಂಜರಿಯಬೇಡಿ.