ಹುಳುವೂ ಬೆಳೆಯುತ್ತೆ, ಸಾಲವೂ ಬೆಳೆಯುತ್ತೆ: ಯಾವುದು ಬೆಳವಣಿಗೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಈ ವಾರ ಉತ್ತರಿಸಿದವರು: ಚಿಕ್ಕಬಳ್ಳಾಪುರದ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕರು

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಸಾಕುತ್ತೇವೆ. ಮಗಳು ಪಿಯುಸಿ ಸೈನ್ಸ್, ಮಗ ಕಾಮರ್ಸ್. ಮೊನ್ನೆ ಊಟಕ್ಕೆ ಕೂತಾಗ ಇಬ್ಬರಿಗೂ ಜಗಳ. ಬೆಳವಣಿಗೆ ಅಂದರೆ ಗಾತ್ರ ಹೆಚ್ಚುವುದು, ಹೆಚ್ಚಿದ್ದು ಮತ್ತೆ ಹಿಂದಕ್ಕೆ ಹೋಗಬಾರದು ಅಂತ ಮಗಳ ಪುಸ್ತಕದಲ್ಲಿದೆಯಂತೆ. ಮಗನ ಪುಸ್ತಕದಲ್ಲಿ ಬರೀ ಶೇಕಡಾವಾರು ಲೆಕ್ಕ. ಕೊನೆಗೆ ನಮ್ಮಮ್ಮ ‘ಇಬ್ಬರಿಗೂ ಮೈ ಬೆಳೆದಿದೆ, ಬುದ್ಧಿ ಬೆಳೆದಿಲ್ಲ’ ಅಂದು ತಟ್ಟೆ ಎತ್ತಿಕೊಂಡು ಹೋದರು. ಮೂವರಲ್ಲಿ ಯಾರು ಸರಿ?

ಉತ್ತರ: ನಿಮ್ಮಮ್ಮ. ಆದರೆ ಮಕ್ಕಳಿಬ್ಬರ ಪುಸ್ತಕವೂ ಸುಳ್ಳು ಹೇಳುತ್ತಿಲ್ಲ.

ಮೊದಲು ಮಗಳ ಪುಸ್ತಕ. ಹಿತಿಕಿದ ಬೇಳೆ ಸಾರಿಗೆ ಅವರೆಕಾಳು ನೆನೆಹಾಕುತ್ತೀರಲ್ಲ, ಬೆಳಗ್ಗೆ ನೋಡಿದರೆ ಕಾಳು ಊದಿಕೊಂಡಿರುತ್ತದೆ. ಅದು ಬೆಳವಣಿಗೆ ಅಲ್ಲ. ಹುಳು ತಿಂದು ಸತ್ತ ಕಾಳು ಕೂಡ ನೀರಲ್ಲಿ ಊದುತ್ತದೆ, ಬಿಸಿಲಿಗೆ ಹಾಕಿದರೆ ಮತ್ತೆ ಸುಕ್ಕುತ್ತದೆ. ‘ಹಿಂದಕ್ಕೆ ಹೋಗಬಾರದು’ ಅಂತ ಪುಸ್ತಕ ಷರತ್ತು ಹಾಕಿರುವುದು ಇದಕ್ಕೇ. ಮೊಳಕೆ ಒಡೆದರೆ ಅದು ಬೆಳವಣಿಗೆ, ಮೊಳಕೆಯನ್ನು ವಾಪಸ್ ಕಾಳು ಮಾಡಲು ಆಗುವುದಿಲ್ಲ. ಇಲ್ಲೊಂದು ತಮಾಷೆ ಇದೆ. ಮೊಳಕೆಕಾಳನ್ನು ಒಣಗಿಸಿ ತೂಗಿದರೆ ಮೊದಲಿನ ಕಾಳಿಗಿಂತ ತೂಕ ಕಡಿಮೆ ಬರುತ್ತದೆ. ಎಲೆ ಬಿಡುವವರೆಗೂ ಅದು ತನ್ನೊಳಗಿನ ಹಿಟ್ಟನ್ನೇ ಸುಟ್ಟುಕೊಂಡು ಬೆಳೆಯಬೇಕಲ್ಲ! ನಾನು ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ಎಚ್ಚರವಾಗುತ್ತಿದ್ದರು.

ಇನ್ನು ನಿಮ್ಮ ಹುಳುಮನೆಗೆ ಬರೋಣ. ಮೊಟ್ಟೆ ಒಡೆದು ಬಂದ ಹುಳು ಅರ್ಧ ಮಿಲಿಗ್ರಾಮ್ ಕೂಡ ಇರುವುದು ಕಷ್ಟ, ಇರುವೆ ಮರಿಯ ಹಾಗೆ ಕಾಣುತ್ತದೆ. ಸುಮಾರು 25 ದಿನಕ್ಕೆ ಅದು ನಾಲ್ಕೈದು ಗ್ರಾಮ್ ಆಗಿರುತ್ತದೆ. ಅಂದರೆ ಹತ್ತು ಸಾವಿರ ಪಟ್ಟಿನ ಆಸುಪಾಸು. ಲೆಕ್ಕ ಹಾಕಿದರೆ ಎರಡು ದಿನಕ್ಕೊಮ್ಮೆ ತೂಕ ಡಬಲ್ ಆದ ಹಾಗೆ. ಹುಳುವಿನ ಚರ್ಮ ನಮ್ಮದರಂತೆ ಜಾಸ್ತಿ ಹಿಗ್ಗುವುದಿಲ್ಲ. ಹಾಗಾಗಿ ನಾಲ್ಕು ಸಲ ಪೊರೆ ಬಿಡಬೇಕು. ನೀವು ‘ಜ್ವರಕ್ಕೆ ಕೂತಿವೆ’ ಅನ್ನುತ್ತೀರಲ್ಲ, ಅದೇ. ಆಗ ಸೊಪ್ಪು ಹಾಕಿದರೂ ಮುಟ್ಟುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ರಾತ್ರಿಯೆಲ್ಲಾ ಮಳೆ ಬಂದ ಹಾಗೆ ಸದ್ದು. ಒಂದು ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲು ಆ ಕೊನೆಯ ವಾರದಲ್ಲೇ ಖಾಲಿ.

ಆಮೇಲೆ ಒಂದು ದಿನ ತಿನ್ನುವುದು ನಿಲ್ಲುತ್ತದೆ. ಹುಳು ಹಣ್ಣಾಯಿತು ಅಂತ ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡುತ್ತೀರಿ. ಒಂದು ವೇಳೆ ನಿಲ್ಲದೇ ಹೋಗಿದ್ದರೆ? ಐದು ಗ್ರಾಮ್ ಹುಳು ಅದೇ ವೇಗದಲ್ಲಿ ಇನ್ನೂ 25 ದಿನ ಬೆಳೆದರೆ 50 ಕೆಜಿ ಆಗುತ್ತದೆ. ಒಂದು ಮೂಟೆ ರಾಗಿಯಷ್ಟು. ಯಾವ ಚಂದ್ರಿಕೆ ತಡೆಯುತ್ತೆ ಹೇಳಿ.

ಜೀವಶಾಸ್ತ್ರದವರು ಬೆಳವಣಿಗೆ ಅಂದಾಗ ಈ ನಿಲ್ಲುವುದೂ ಅದರೊಳಗೆ ಸೇರಿರುತ್ತದೆ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಇರುವ ಮಗು ವರ್ಷ ತುಂಬುವ ಹೊತ್ತಿಗೆ 75ರ ಹತ್ತಿರ ಬರುತ್ತದೆ. ಪ್ರಾಯ ಕಳೆಯುವಾಗ ಮೂಳೆಯ ತುದಿಯಲ್ಲಿರುವ ಬೆಳೆಯುವ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮುಗಿಯಿತು, ಯಾವ ಪುಡಿ ಕುಡಿದರೂ ಮತ್ತೆ ಉದ್ದವಾಗುವುದಿಲ್ಲ. ದೇಹದ ಯಾವುದೋ ಮೂಲೆಯಲ್ಲಿ ಜೀವಕೋಶಗಳು ನಿಲ್ಲುವುದನ್ನು ಮರೆತು ಹೆಚ್ಚುತ್ತಲೇ ಹೋದರೆ ಅದಕ್ಕೆ ನಾವು ಇಡುವ ಹೆಸರು ಕ್ಯಾನ್ಸರ್.

ಈಗ ನಿಮ್ಮಮ್ಮನ ಮಾತು. ಗೂಡಿನೊಳಗೆ ಹುಳು ಪ್ಯೂಪಾ ಆಗಿ ಮಲಗಿರುವಾಗ ಒಂದು ಎಲೆಯನ್ನೂ ತಿನ್ನುವುದಿಲ್ಲ. ತೂಕ ದಿನೇದಿನೇ ಇಳಿಯುತ್ತದೆ. ಮಗಳ ಪುಸ್ತಕದ ಪ್ರಕಾರ ಅಲ್ಲಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ. ಆದರೆ ಅದೇ ಹೊತ್ತಲ್ಲಿ ಹುಳುವಿಗೆ ರೆಕ್ಕೆ, ಮೀಸೆ, ಹೊಸ ಕಣ್ಣು ಎಲ್ಲಾ ಬರುತ್ತವೆ. ಮೈ ಬೆಳೆಯುವುದು ಬೇರೆ, ಒಳಗೆ ಮಾಗುವುದು ಬೇರೆ. ಅಜ್ಜಿ ಒಂದೇ ವಾಕ್ಯದಲ್ಲಿ ಹೇಳಿದ ಈ ವ್ಯತ್ಯಾಸಕ್ಕೆ ಮಗಳ ಪುಸ್ತಕದಲ್ಲೂ ಮಗನ ಪುಸ್ತಕದಲ್ಲೂ ಒಂದೊಂದು ಪಾಠವೇ ಇದೆ. ಅರ್ಥಶಾಸ್ತ್ರದವರು ಬೆಳವಣಿಗೆ ಒಂದು ಕಡೆ, ಅಭಿವೃದ್ಧಿ ಇನ್ನೊಂದು ಕಡೆ ಇಡುತ್ತಾರೆ. ಆದಾಯದ ಜೊತೆ ಆಯಸ್ಸು ಎಷ್ಟು, ಓದು ಎಷ್ಟು ಅಂತಲೂ ಸೇರಿಸಿ ದೇಶಗಳನ್ನು ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕ 1990ರಲ್ಲಿ ಬಂತು. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಅದರ ಮುಂದಾಳು, ನಮ್ಮ ಅಮರ್ತ್ಯ ಸೇನ್ ಜೊತೆಗಿದ್ದರು.

ಮಗನ ಶೇಕಡಾ ಲೆಕ್ಕಕ್ಕೆ ಒಂದು ಸುಲಭದ ಉಪಾಯ ಹೇಳಿಕೊಡಿ. 72 ಅನ್ನು ಶೇಕಡಾ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಡಬಲ್ ಅಂತ ಅಂದಾಜು ಸಿಗುತ್ತದೆ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತಕ್ಕೊಂದು ಆರ್ಥಿಕ ಯೋಜನೆ ಬರೆದು, ಹತ್ತು ವರ್ಷದಲ್ಲಿ ದೇಶದ ಆದಾಯ ಎರಡರಷ್ಟಾಗಬೇಕು ಅಂದರು. ಅಂದರೆ ವರ್ಷಕ್ಕೆ ಶೇ 7.2. ಈಗಲೂ ಟಿವಿಯಲ್ಲಿ ಏಳು ಬಂತು, ಎಂಟು ಬಂತು ಅಂತ ಸಂಭ್ರಮಿಸುವುದು ಆ ಆಸುಪಾಸಿನ ಸಂಖ್ಯೆಗೇ. ಅದೇ ದರ ನೂರು ವರ್ಷ ನಡೆದರೆ ಸಾವಿರ ಪಟ್ಟು ದಾಟುತ್ತದೆ. ಹುಳುವಿನ ಲೆಕ್ಕದಲ್ಲಿ ಇರುವ ‘ಹಣ್ಣಾಗುವ ದಿನ’ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ನನಗೆ ಅರ್ಥಶಾಸ್ತ್ರ ಕಲಿಸಿದ್ದು ಸ್ಟಾಫ್ ರೂಮಿನ ಪಕ್ಕದ ಕುರ್ಚಿಯವರು. ಅವರು ಇದಕ್ಕೆ ಒಪ್ಪುತ್ತಿರಲಿಲ್ಲ. ‘ಮೇಷ್ಟ್ರೇ, ಸರಕಿನ ಬೆಲೆ ಬೆಳೆಯೋಕೆ ಅದರ ತೂಕ ಬೆಳೆಯಬೇಕಾಗಿಲ್ಲ’ ಅನ್ನುತ್ತಿದ್ದರು. ಅದೂ ನಿಜವೇ. ಅಷ್ಟೇ ಸೊಪ್ಪು ತಿಂದ ಹುಳು ಒಳ್ಳೆ ನೂಲಿನ ಬೈವೋಲ್ಟೀನ್ ತಳಿಯ ಗೂಡು ಕಟ್ಟಿದರೆ ಮಾರುಕಟ್ಟೆಯಲ್ಲಿ ರೇಟು ಬೇರೆ ಅಲ್ವಾ? ಹಾಗಂತ ಸೊಪ್ಪೇ ಇಲ್ಲದೆ ಗೂಡು ಬರುವುದಿಲ್ಲ. ನಮ್ಮ ವಾದ ಅವರು ರಿಟೈರ್ ಆಗುವವರೆಗೂ ಮುಗಿಯಲಿಲ್ಲ.

ಒಂದು ಮಾತಿನ ವಿಚಾರ ಹೇಳಿ ಮುಂದಿನ ಪತ್ರಕ್ಕೆ ಹೋಗುತ್ತೇನೆ. ಬೆಳೆಯುವುದಕ್ಕೆ ಸಂಸ್ಕೃತದಲ್ಲಿ ‘ವೃದ್ಧಿ’. ಅದೇ ಪದ ಸವೆದು ಸವೆದು ಕನ್ನಡದಲ್ಲಿ ‘ಬಡ್ಡಿ’ ಆಯಿತು. ಅದೇ ಬೇರಿನಿಂದ ಬಂದದ್ದು ‘ವೃದ್ಧ’, ಅಂದರೆ ಬೆಳೆದು ಮುಗಿಸಿದವನು. ‘ಅಭಿವೃದ್ಧಿ’ಯೂ ಅದೇ ಮನೆಯದು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದು, ಬಡ್ಡಿಗೂ ಬಡ್ಡಿ ಸೇರಿದರೆ ಎರಡೇ ವರ್ಷಕ್ಕೆ ಸಾಲ ಡಬಲ್. 72 ಭಾಗಿಸು 3, ಇಪ್ಪತ್ನಾಲ್ಕು ತಿಂಗಳು. ಅದೂ ವೃದ್ಧಿಯೇ.

ಪ್ರಶ್ನೆ: ಮುಳಬಾಗಿಲು ಕಡೆಯವನು ಸರ್, 27 ವರ್ಷ. ಟೊಮೆಟೊ ಹಾಕುತ್ತೇವೆ. ಐದು ವರ್ಷದಲ್ಲಿ ಮೂರು ಬೋರ್ ಕೊರೆಸಿದೆವು, ಎರಡು ಫೇಲ್. ಜಿಲ್ಲೆ ಬೆಳೆಯುತ್ತಿದೆ ಅಂತ ಎಲ್ಲಾ ಭಾಷಣದಲ್ಲೂ ಹೇಳುತ್ತಾರೆ. ನಮ್ಮ ಬೋರ್ ಸಾಲ ಆ ಬೆಳವಣಿಗೆಯಲ್ಲಿ ಎಲ್ಲಿ ಬರುತ್ತೆ?

ಉತ್ತರ: ಬರುತ್ತದಪ್ಪಾ, ಕೂಡುವ ಕಡೆಗೇ ಬರುತ್ತದೆ. ಜಿಡಿಪಿ ಅಂದರೆ ಒಂದು ವರ್ಷದಲ್ಲಿ ತಯಾರಾದ ಸರಕು, ಮಾಡಿದ ಸೇವೆ, ಇವುಗಳ ಒಟ್ಟು ಬೆಲೆ. ರಿಗ್ ಲಾರಿಯವರಿಗೆ ಅಡಿಗಿಷ್ಟು ಅಂತ ಕೊಟ್ಟಿರಿ. ಕೇಸಿಂಗ್ ಪೈಪ್ ತಂದಿರಿ. ಅದೆಲ್ಲ ಕೆಲಸ ನಡೆದ ಲೆಕ್ಕಕ್ಕೆ ಸೇರುತ್ತದೆ. ನೀರು ಬಂತಾ, ಬರೀ ಪುಡಿ ಬಂತಾ ಅಂತ ಆ ಲೆಕ್ಕ ಕೇಳುವುದಿಲ್ಲ. 300 ಅಡಿಗೆ ನೀರು ಸಿಗುತ್ತಿದ್ದ ಕಾಲಕ್ಕಿಂತ 1,200 ಅಡಿ ಕೊರೆಯುವ ಕಾಲದಲ್ಲಿ ಈ ಬಾಬ್ತಿನಲ್ಲಿ ಬೆಳವಣಿಗೆ ಜಾಸ್ತಿಯೇ ತೋರಿಸುತ್ತದೆ. ನಮ್ಮ ಹೊಲದಲ್ಲೂ ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸಿದ್ದರು. ಕಾಯಿ ಎದ್ದು ನಿಂತಿತು, ನೀರು ನಿಲ್ಲಲಿಲ್ಲ. ಆ ವರ್ಷ ದೇಶದ ಆದಾಯಕ್ಕೆ ನಮ್ಮ ಮನೆಯ ಕಾಣಿಕೆ ದೊಡ್ಡದೇ!

ಭೂಮಿಯೊಳಗೆ ನೀರು ಇಳಿದದ್ದನ್ನು ಕಳೆಯುವುದಿಲ್ಲವೇ ಅಂದರೆ, ಇಲ್ಲ. ‘ಒಟ್ಟು ದೇಶೀಯ ಉತ್ಪನ್ನ’ದ ‘ಒಟ್ಟು’ ಅಂದರೆ ಸವೆತ ಕಳೆಯದೇ ಹಿಡಿದ ಲೆಕ್ಕ. ಯಂತ್ರ, ಕಟ್ಟಡಗಳ ಸವೆತ ಕಳೆದು ‘ನಿವ್ವಳ’ ಅಂತ ಇನ್ನೊಂದು ಲೆಕ್ಕ ಮಾಡುತ್ತಾರೆ. ಪಂಪು ಸವೆದದ್ದು ಅಲ್ಲಿ ಸಿಗುತ್ತದೆ. ಪಂಪು ಎತ್ತಿದ ನೀರು ಅಲ್ಲೂ ಸಿಗುವುದಿಲ್ಲ. ನಿಮ್ಮ ಪಕ್ಕದ ಕೆಜಿಎಫ್ ನೋಡಿ. ನೂರಿಪ್ಪತ್ತು ವರ್ಷ ಅಗೆದು ಸುಮಾರು 800 ಟನ್ ಚಿನ್ನ ತೆಗೆದರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ಅದು. ತೆಗೆದ ಚಿನ್ನ ಆಯಾ ವರ್ಷದ ಆದಾಯವಾಯಿತು. ಬಂಡೆಯೊಳಗೆ ಕಡಿಮೆಯಾದ ಚಿನ್ನವನ್ನು ಯಾರೂ ಯಾವ ವರ್ಷವೂ ಕಳೆದು ಬರೆಯಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಆ ಕಳೆಯುವ ಲೆಕ್ಕವೆಲ್ಲ ಅಲ್ಲಿನ ಕೆಲಸಗಾರರ ಮನೆ ಬಾಗಿಲಿಗೆ ಒಂದೇ ಸಲ ಬಂತು.

ಕೂಡುವುದರಲ್ಲೂ ಇದೇ ಕುರುಡು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಯಿತು. ಆ ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಬೇಕಿತ್ತು ಅನ್ನುವ ತಕರಾರು ಇದೆ, ಅದನ್ನು ನಾನೂ ಒಪ್ಪುತ್ತೇನೆ. ಲೆಕ್ಕದ ಮಾತು ಬೇರೆ. ಪೈಪು, ಮೋಟಾರು, ಕರೆಂಟು ಜಿಡಿಪಿಗೆ ಸೇರಿದವು. ಕೆರೆ ಪಕ್ಕದ ಬಾವಿಯಲ್ಲಿ ನೀರು ಮೇಲೆ ಬಂದರೆ ಅದು ಸೇರುವುದಿಲ್ಲ. ಅದಕ್ಕೆ ಬಿಲ್ ಇಲ್ಲವಲ್ಲ. ನಿಮ್ಮ ಮನೆಯ ಹೆಂಗಸರು ಬೆಳಗ್ಗೆ ಎದ್ದು ಮಾಡುವ ಮುದ್ದೆಗೂ ಬಿಲ್ ಇಲ್ಲ, ಹೋಟೆಲ್ ಮುದ್ದೆಗೆ ಇದೆ.

ಟೊಮೆಟೊ ಬೆಳೆಯುವವರಿಗೆ ಇನ್ನೊಂದು ವಿಷಯ ಹೇಳಲೇಬೇಕು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗ ಬೆಳೆದದ್ದು ಬೆಲೆಯೋ, ಬೆಳೆಯೋ? ಪತ್ರಿಕೆಯಲ್ಲಿ ‘ನೈಜ ಬೆಳವಣಿಗೆ’ ಅಂತ ಬರುತ್ತದಲ್ಲ, ಅದು ಬೆಲೆ ಏರಿದ್ದನ್ನು ತೆಗೆದು, ಬೆಳೆ ಎಷ್ಟಾಯಿತು ಅಂತ ಮಾತ್ರ ನೋಡುವ ಲೆಕ್ಕ. ಭಾಷಣದ ಸಂಖ್ಯೆ ಕೇಳಿದಾಗ ಇದು ನೈಜದ್ದಾ ಅಂತ ಒಮ್ಮೆ ಕೇಳಿ.

ದೇಶದ ಆದಾಯ ಅಳೆಯುವ ಪದ್ಧತಿಯನ್ನು ಅಮೆರಿಕದಲ್ಲಿ ರೂಪಿಸಿದವರು ಸೈಮನ್ ಕುಜ್ನೆಟ್ಸ್. ಅವರ ವರದಿ ಬಂದದ್ದೂ ಅದೇ 1934ರಲ್ಲಿ. ಜನ ಸುಖವಾಗಿದ್ದಾರಾ ಅನ್ನುವುದನ್ನು ಈ ಲೆಕ್ಕದಿಂದ ತಿಳಿಯಲು ಹೋಗಬೇಡಿ ಅಂತ ಅದೇ ವರದಿಯಲ್ಲಿ ಎಚ್ಚರಿಸಿದ್ದರು. ತಕ್ಕಡಿ ಮಾಡಿದವನೇ ಇದರಲ್ಲಿ ಉದ್ದ ಅಳೆಯಬೇಡಿ ಅಂದ ಹಾಗೆ. ತಪ್ಪು ತಕ್ಕಡಿಯದಲ್ಲ.

ಪ್ರಶ್ನೆ: ತಿಪಟೂರಿನಿಂದ ಬರೆಯುತ್ತಿದ್ದೇನೆ. ನಾಲ್ಕು ವರ್ಷದ ತೆಂಗಿನ ಸಸಿ, ಇನ್ನೂ ಕಾಂಡವೇ ಕಾಣುತ್ತಿಲ್ಲ, ಬರೀ ಗರಿ. ಬೆಳವಣಿಗೆ ನಿಂತಿದೆ, ಕಿತ್ತು ಬೇರೆ ನೆಡಿ ಅನ್ನುತ್ತಾರೆ. ಕೀಳಲಾ?

ಉತ್ತರ: ಸದ್ಯಕ್ಕೆ ಬೇಡ. ತೆಂಗು ಬೆಳೆಯುವ ರೀತಿಯೇ ಬೇರೆ. ಹುಣಸೆ, ಮಾವು, ಬೇವಿಗೆ ತೊಗಟೆಯ ಕೆಳಗೆ ಬೆಳೆಯುವ ಪದರ ಇದೆ, ವರ್ಷವರ್ಷ ದಪ್ಪವಾಗುತ್ತಾ ಹೋಗುತ್ತವೆ. ತೆಂಗಿಗೆ ಆ ಪದರ ಇಲ್ಲ. ಅದಕ್ಕೆ ಇರುವುದು ಸುಳಿ ಒಂದೇ. ಹಾಗಾಗಿ ಅದು ಮೊದಲ ವರ್ಷಗಳಲ್ಲಿ ನೆಲಮಟ್ಟದಲ್ಲೇ ಕೂತು ತನ್ನ ಪೂರ್ತಿ ದಪ್ಪ ಮಾಡಿಕೊಳ್ಳುತ್ತದೆ, ಆಮೇಲಷ್ಟೇ ಎತ್ತರಕ್ಕೆ ಹೊರಡುತ್ತದೆ. ನಾಟಿ ತಳಿಗೆ ನಾಲ್ಕೈದು ವರ್ಷ ಕಾಂಡ ಕಾಣದಿರುವುದು ಮಾಮೂಲು.

ನೀವು ನೋಡಬೇಕಾದದ್ದು ಗರಿಯನ್ನು. ಹೊಸ ಗರಿ ಹಿಂದಿನದಕ್ಕಿಂತ ಉದ್ದ, ಅಗಲ ಬರುತ್ತಿದೆಯಾ? ಹಾಗಿದ್ದರೆ ಸುಮ್ನೆ ಬಿಡಿ, ಗೊಬ್ಬರ ನೀರು ಕೊಡಿ. ಗರಿ ಚಿಕ್ಕದಾಗುತ್ತಾ ಬಂದರೆ ಬುಡ ನೋಡಬೇಕು. ಸುಳಿ ಎಳೆದರೆ ಕೈಗೆ ಬಂದು ಕೊಳೆತ ವಾಸನೆ ಬಂದರೆ ಅದು ಸುಳಿ ಕೊಳೆ ರೋಗ. ಆಗ ತಡಮಾಡದೆ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ.

ಬಿಡುವಿದ್ದಾಗ ನಿಮ್ಮ ತೋಟದ ಹಳೇ ಮರಗಳ ಹತ್ತಿರ ನಿಂತು ನೋಡಿ. ಕೆಲವು ಕಾಂಡಗಳು ಒಂದು ಎತ್ತರದಲ್ಲಿ ಸೊಂಟ ಹಿಡಿದ ಹಾಗೆ ಸಣ್ಣಗಾಗಿ, ಮೇಲೆ ಮತ್ತೆ ದಪ್ಪವಾಗಿರುತ್ತವೆ. ಬಹಳ ಸಲ ಅದು ನೀರಿಲ್ಲದ ವರ್ಷದ ಗುರುತು. ಆಮೇಲೆ ಎಷ್ಟೇ ಮಳೆ ಬಂದರೂ ಆ ಜಾಗ ತುಂಬಿಕೊಳ್ಳುವುದಿಲ್ಲ. ಒಳ್ಳೆ ಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ, ಗರಿ ಬಿದ್ದ ಕಡೆ ಕಾಂಡದ ಮೇಲೆ ಉಂಗುರದಂಥ ಕಲೆ ಉಳಿಯುತ್ತದೆ. ಆ ಸಣ್ಣಗಾದ ಜಾಗದಿಂದ ಮೇಲಕ್ಕೆ ಕಲೆಗಳನ್ನು ಎಣಿಸಿ, ಮರದ ಮೇಲಿರುವ ಗರಿಗಳನ್ನೂ ಸೇರಿಸಿ, 12ರಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ವರ್ಷ ಹಿಂದೆ ಹೋಗಿ, ಆಗ ಮಳೆ ಹೇಗಿತ್ತು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ.