ಹಿಮ ಕರಗಿದ ಮೇಲೆ ಔಲಿಯಲ್ಲಿ ಏನಿದೆ?

ಪ್ರಶ್ನೆ: ಮಾಷ್ಟ್ರೇ, ನಾನು ಬದಿಯಡ್ಕ ಕಡೆಯ ಕನ್ನಡ ಶಾಲೆಯೊಂದರಲ್ಲಿ ಟೀಚರ್. ಉತ್ತರಾಖಂಡದ ಔಲಿಗೆ ಹೋಗಲೇಬೇಕೆಂದು ಎಂಟನೇ ಕ್ಲಾಸಿನ ಮಗನ ಹಟ. ಅಲ್ಲಿ ಸ್ಕೀಯಿಂಗ್ ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ. ನಮಗೆ ಸಿಗುವುದು ಓಣಂ ರಜೆ, ಇಲ್ಲವೇ ಮೇ ತಿಂಗಳು. ಹಿಮ ಇಲ್ಲದಾಗ ಹೋದರೆ ಸುಮ್ನೆ ಬೋಳು ಗುಡ್ಡ ನೋಡಿ ಬಂದ ಹಾಗೆ ಆಗುತ್ತದಾ?

ಉತ್ತರ: ಖಂಡಿತ ಇಲ್ಲ ಟೀಚರ್. ಮೇ ತಿಂಗಳಲ್ಲಿ ಹೋಗಿ. ಓಣಂ ರಜೆಯ ಯೋಚನೆ ಬಿಟ್ಟುಬಿಡಿ, ಆಗ ಅಲ್ಲಿ ಇನ್ನೂ ಮಳೆಗಾಲ. ಋಷಿಕೇಶದಿಂದ ಔಲಿಯ ಕೆಳಗಿನ ಊರಾದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಘಾಟಿ ರಸ್ತೆ. ಗುಡ್ಡ ಜರಿದರೆ ನಡುದಾರಿಯಲ್ಲೇ ನಿಮ್ಮ ರಜೆ ಮುಗಿದೀತು.

ಮೇ ತಿಂಗಳಲ್ಲಿ ಬದರಿ ಯಾತ್ರೆಯ ವಾಹನಗಳು ಜಾಸ್ತಿ. ಋಷಿಕೇಶದಿಂದ ಬೆಳಗಿನ ಜಾವವೇ ಹೊರಟು ರಾತ್ರಿ ಜೋಶಿಮಠದಲ್ಲಿ ಉಳಿಯಿರಿ. 2023ರಲ್ಲಿ ಅಲ್ಲಿ ನೆಲ ಬಿರುಕು ಬಿಟ್ಟಾಗ ಔಲಿಗೆ ಹೋಗುವ ರೋಪ್‌ವೇ ನಿಂತಿತು. ಅದನ್ನು ನಂಬಿಕೊಳ್ಳದೆ ಜೀಪಿನಲ್ಲೇ ಔಲಿಗೆ ಹತ್ತಿ.

2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಇಳಿಜಾರು ಮೇ ತಿಂಗಳಲ್ಲಿ ಪೂರ್ತಿ ಹುಲ್ಲು. ಅದರ ಮೇಲಿನ ತುದಿಯಿಂದ ಓಕ್, ದೇವದಾರು ಮರಗಳ ನಡುವೆ ಸುಮಾರು 3 ಕಿ.ಮೀ. ನಡೆದರೆ ಮರಗಳೆಲ್ಲ ಒಮ್ಮೆಲೇ ಮುಗಿದು ಗೋರ್ಸೋಂ ಬುಗ್ಯಾಲ್ ಎಂಬ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಅಲ್ಲಿಂದ ಬೆಟ್ಟದ ಏಣು ಹಿಡಿದು ನಡೆಯುತ್ತಾ ಹೋಗಿ. ನನಗೆ ಇಡೀ ಔಲಿಯಲ್ಲಿ ಇಷ್ಟವಾದ ಜಾಗ ಅದೇ. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ. ಇನ್ನೊಂದು ಕಡೆ 7,066 ಮೀಟರಿನ ದ್ರೋಣಗಿರಿ. ಮಗನಿಗೆ ತಾಳಮದ್ದಳೆ ಕೇಳಿ ಅಭ್ಯಾಸ ಇದೆಯಾ? ಹನುಮಂತ ಸಂಜೀವಿನಿಗಾಗಿ ಕಿತ್ತುಕೊಂಡು ಹೋದದ್ದು ಈ ದ್ರೋಣಗಿರಿಯನ್ನೇ ಎಂದು ಆ ಕಡೆಯವರ ನಂಬಿಕೆ. ಔಲಿಯಲ್ಲಿ ಹನುಮಂತನಿಗೆ ಗುಡಿ ಇದೆ. ದ್ರೋಣಗಿರಿ ಹಳ್ಳಿಯವರು ಮಾತ್ರ ತಮ್ಮ ಬೆಟ್ಟ ಕೊಂಡೊಯ್ದನೆಂದು ಇವತ್ತಿಗೂ ಅವನನ್ನು ಪೂಜಿಸುವುದಿಲ್ಲ!

ಸಮುದ್ರದ ಮಟ್ಟದಲ್ಲಿ ಬದುಕುವ ನಮಗೆ ಅಲ್ಲಿನ 3,000 ಮೀಟರ್ ಎತ್ತರ ಸುಲಭ ಅಲ್ಲ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿಯದರ ನೂರಕ್ಕೆ ಎಪ್ಪತ್ತರಷ್ಟು ಮಾತ್ರ. ಔಲಿಯಲ್ಲೂ ಒಂದು ರಾತ್ರಿ ಕಳೆದೇ ನಡಿಗೆ ಶುರುಮಾಡಿ. ತಲೆನೋವು, ವಾಂತಿ ಕಂಡರೆ ಮುಂದೆ ಹೋಗಬೇಡಿ, ಇಳಿದುಬಿಡಿ. ಏಪ್ರಿಲ್‌ನಲ್ಲಿ ನಮ್ಮ ಕಾಸರಗೋಡಿನ ರಾಣಿಪುರಂ ಗುಡ್ಡ ಹತ್ತಿ ಕಾಲಿಗೆ ರೂಢಿ ಮಾಡಿಸಿ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು, ಆಲಿಕಲ್ಲು ಬರುವುದುಂಟು. ಸಿಡಿಲಿಗೆ ಮರೆಯೇ ಇಲ್ಲದ ಜಾಗ ಅದು, ಹನ್ನೆರಡರೊಳಗೆ ಇಳಿಯಲು ಶುರುಮಾಡಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಕಾಲುದಾರಿ ಬಿಟ್ಟು ಹುಲ್ಲು ತುಳಿಯಬೇಡಿ. ವರ್ಷದಲ್ಲಿ ಕೆಲವೇ ತಿಂಗಳು ಚಿಗುರುವ ಹುಲ್ಲು ಅದು, ಒಮ್ಮೆ ಕಿತ್ತುಬಂದರೆ ಮಣ್ಣೂ ಜಾರುತ್ತದೆ. ಅದಕ್ಕೇ 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದರೆ ಇಂಥ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು. ಯಾರಾದರೂ ಅಲ್ಲೇ ಟೆಂಟ್ ಹಾಕಿಸುತ್ತೇವೆ ಎಂದರೆ ಒಪ್ಪಬೇಡಿ.

ಮಗನಿಗೆ ಹಿಮ ಮುಟ್ಟಲೇಬೇಕಾದರೆ ಮೇ ಮೊದಲ ವಾರವೇ ಹೋಗಿ. ಬಿಸಿಲು ಬೀಳದ ಸಂದುಗಳಲ್ಲಿ ಹಳೆ ಹಿಮ ಉಳಿದಿರುವುದುಂಟು.