‘ಭೋಜನ’ ಹೋಗಿ ‘ಬೋಜನ’ ಆಯ್ತು!

ಪ್ರಶ್ನೆ: ಮಲ್ಪೆ ಹತ್ತಿರ ಸಣ್ಣ ಮೀನೂಟದ ಹೋಟೆಲ್ ಶುರು ಮಾಡುತ್ತಿದ್ದೇನೆ. ಹೆಸರಿನಲ್ಲಿ ‘ಮತ್ಸ್ಯ’, ‘ಭೋಜನ’ ಎರಡೂ ಇವೆ. ರಸ್ತೆಯ ಆ ಕಡೆಯಿಂದಲೂ ಕಾಣಲಿ ಅಂತ ಅಕ್ಷರ ಆದಷ್ಟು ದಪ್ಪ ಮಾಡಲು ಫ್ಲೆಕ್ಸ್ ಅಂಗಡಿಯಲ್ಲಿ ಹೇಳಿದೆ. ಬಂದದ್ದು ನೋಡಿದರೆ ‘ಬೋಜನ’! ‘ಮತ್ಸ್ಯ’ದ ಕೆಳಗೆ ಬರೀ ಕಪ್ಪು ಮುದ್ದೆ. ದಪ್ಪಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲವೇ? ಒಳ್ಳೆಯ ಫಾಂಟಿಗೆ ದುಡ್ಡು ಕೊಡಬೇಕಾ?
– ಓದುಗರೊಬ್ಬರು, ಉಡುಪಿ

ಉತ್ತರ: ಒಗ್ಗುತ್ತದೆ ಮಾರಾಯ್ರೆ. ಆದರೆ ಅಕ್ಷರವನ್ನು ಬರೆಯುವಾಗಲೇ ದಪ್ಪ ಬರೆದಿರಬೇಕು, ಬರೆದಾದ ಮೇಲೆ ಉಬ್ಬಿಸಬಾರದು. ನಿಮ್ಮ ಬೋರ್ಡಿನಲ್ಲಿ ಫ್ಲೆಕ್ಸ್ ಅಂಗಡಿಯವರು ತೆಳು ಫಾಂಟಿನ ಸುತ್ತ ಔಟ್‌ಲೈನ್ ಕೊಟ್ಟಿದ್ದಾರೆ ಅನಿಸುತ್ತದೆ. ಹಾಗೆ ಮಾಡಿದರೆ ಗೆರೆ ಹೊರಗೂ ಉಬ್ಬುತ್ತದೆ, ಒಳಗೂ ಉಬ್ಬುತ್ತದೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹೇಗೋ ನಡೆಯುತ್ತದೆ, ನಮಗೆ ನಡೆಯುವುದಿಲ್ಲ, ಯಾಕೆಂದರೆ ‘ಬೋ’ ಮತ್ತು ‘ಭೋ’ ನಡುವೆ ಇರುವುದೇ ಕೆಳಗಿನ ಒಂದು ಸಣ್ಣ ಸೀಳು, ಅದು ಮುಚ್ಚಿಕೊಂಡರೆ ಮಹಾಪ್ರಾಣ ಹೋದ ಹಾಗೆಯೇ. ‘ಮತ್ಸ್ಯ’ ಇನ್ನೂ ಕಷ್ಟದ ಗಿರಾಕಿ. ಒಂದೇ ‘ತ’ಕ್ಕೆ ‘ಸ’ ಒತ್ತು, ‘ಯ’ ಒತ್ತು ಎರಡೂ ಜೋತು ಬೀಳುತ್ತವೆ. ದಪ್ಪ ಫಾಂಟ್ ಮಾಡಲು ಗೊತ್ತಿದ್ದವರು ಒಳಗಿನ ಖಾಲಿ ಜಾಗ ಉಳಿಸಿಕೊಂಡು, ಗೆರೆಗಳು ಕೂಡುವ ಕಡೆ ತುಸು ತೆಳು ಮಾಡಿ, ಒತ್ತುಗಳನ್ನು ಬೇರೆಯಾಗಿಯೇ ಬರೆದಿರುತ್ತಾರೆ.

ದುಡ್ಡು ಬೇಡ. ಗೂಗಲ್ ಫಾಂಟ್ಸ್‌ನಲ್ಲಿ ಫಾಂಟ್ ಮಾಡುವ ಎಕ್ ಟೈಪ್ ಸಂಸ್ಥೆಯವರ ‘ಬಾಲೂ ತಮ್ಮ 2’ ಇದೆ, ಗುಂಡುಗುಂಡಗೆ, ಊಟದ ಜಾಗಕ್ಕೆ ಹೇಳಿ ಮಾಡಿಸಿದ ಹಾಗೆ. ಅವರದ್ದೇ ‘ಅನೇಕ್ ಕನ್ನಡ’ದಲ್ಲಿ ದಪ್ಪ 100ರಿಂದ 800ರವರೆಗೆ ಸಿಗುತ್ತದೆ (ಅಂಕಿ ಹೆಚ್ಚಿದಷ್ಟೂ ಅಕ್ಷರ ದಪ್ಪ), ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು, ಹಾಗಾಗಿ ಉದ್ದ ಹೆಸರು ಕಿರಿದಾದ ಬೋರ್ಡಿಗೆ ಕೂರುತ್ತದೆ. ಲೋಗೋ, ಮೆನು ಎಲ್ಲದಕ್ಕೂ ಬಳಸಿ, ಫಾಂಟ್ ಫೈಲನ್ನೇ ಮಾರಬಾರದು ಅಷ್ಟೇ. ನಿಮಗೆ ನಾನು ಬಾಲೂ ಹೇಳುತ್ತೇನೆ. ಅದೂ 800 ಬೇಡ, 700 ಸಾಕು.

ಹಳೆಯ ಆವೃತ್ತಿಯ ಫೋಟೋಶಾಪಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಫಾಂಟಿಗೆ ಬೈಯಬೇಡಿ, ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಇದೆ, ಅದನ್ನು ಹಾಕಬೇಕು. ಮುದ್ರಿಸುವ ಮೊದಲು ಹೆಸರನ್ನು ಎ4 ಹಾಳೆಯಲ್ಲಿ ತೆಗೆದು ಗೋಡೆಗೆ ಅಂಟಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ‘ಭ’ ಕಾಣುತ್ತದಾ ನೋಡಿ. ಹೇಗೂ ಹೊಸ ಬೋರ್ಡ್ ಮಾಡಿಸುತ್ತೀರಲ್ಲ, ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮವೂ ನೆನಪಿರಲಿ.

ಪ್ರಶ್ನೆ: ಅಂಗಡಿ ಹೆಸರನ್ನು ಪೇಂಟರ್ ಕೈಯಲ್ಲಿ ಬರೆಸಿದರೆ ಹಳೇ ಕಾಲದ್ದು ಅನಿಸುವುದಿಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅನಿಸಲಿ ಬಿಡಿ! ನಿಮ್ಮದೇ ಊರಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ಕಲ್ಲಚ್ಚಿನಲ್ಲಿ. ಅಚ್ಚಿನ ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದದ್ದು. ಒಳ್ಳೆಯ ಪೇಂಟರ್ ಬ್ರಶ್ಶಿನಲ್ಲಿ ಎಷ್ಟೇ ದಪ್ಪ ಬರೆದರೂ ಸೀಳು, ಒತ್ತು ಬಂದಾಗ ಕೈ ತಾನಾಗಿ ಹಗುರಾಗುತ್ತದೆ, ಸುಮ್ನೆ ಹೇಳುವುದಲ್ಲ, ಹಳೆಯ ಬಸ್ಸುಗಳ ಹೆಸರು ನೋಡಿ. ಬರೆಸಿದ ಮೇಲೆ ಎದುರು ನಿಂತು ನೇರವಾಗಿ ಒಂದು ಫೋಟೋ ತೆಗೆದಿಡಿ. ಬಿಲ್ ಬುಕ್ಕಿಗೂ ಅದೇ ಅಕ್ಷರ ಹಾಕಿಸಬಹುದು.